ಹೊಲಿಗೆ ಇಲ್ಲದ ಟೊಪ್ಪಿ

ಅಪ್ಪನ ತಲೆಗೆ 9 ಹೊಲಿಗೆ ಬಿದ್ದಿದ್ದು ಹೋದ ವರ್ಷ ಆಗಸ್ಟಲ್ಲಿ. ಮಳೆಗಾಲದಲ್ಲಿ ನಮ್ಮ ಮಲ್ಲಂದೂರು ಕಡೆ ಕಲ್ಲುಗಳೆಲ್ಲ ಹೆಂಗಿರ್ತವೆ ಅಂತ ಮಲೆನಾಡಿನವರಿಗೆ ಹೇಳೋದೇ ಬೇಡ, ಪಾಚಿ ಕಟ್ಟಿ ಎಣ್ಣೆ ಸುರಿದಂಗಿರುತ್ತೆ, ಕೊಟ್ಟಿಗೆ ಮೆಟ್ಟಿಲಲ್ಲಿ ಕಾಲು ಜಾರಿ ಹಿಂದಕ್ಕೆ ಬಿದ್ರು, ತಲೆ ಹಿಂಭಾಗ ಕಲ್ಲಿಗೆ ತಾಗಿ ಸೀಳಿಹೋಯ್ತು. ಗಾಯ ಒಣಗ್ತು, ಕೂದಲೂ ಬಂತು, ಆದ್ರೆ ಆ ಗೆರೆ ಮಾತ್ರ ಮುಟ್ಟಿದ್ರೆ ಈಗ್ಲೂ ಉರಿಯುತ್ತೆ ಅಂತಾರೆ.

ನವೆಂಬರ್ ಬಂತು ಅಂದ್ರೆ ಅರೇಬಿಕಾ ಕೊಯ್ಲು ಶುರು. ಕಣದಲ್ಲಿ ಹರವಿದ ಕಾಫಿಗೆ ರಾತ್ರಿ ಇಬ್ಬನಿ ಬೀಳಬಾರದು ಅಂತ ಟಾರ್ಪಲ್ ಮುಚ್ಚಿರ್ತೀವಿ, ಬೆಳಗ್ಗೆ ಆರು ಗಂಟೆಗೇ ಅಪ್ಪ ಅಲ್ಲಿ ಹೋಗಿ ನಿಲ್ಲೋರು, ಬಿಸಿಲು ಬರೋವರೆಗೆ ಕಾಯೋ ಪೈಕಿ ಅಲ್ಲ. ಆ ಚಳಿಗೆ ಟೊಪ್ಪಿ ಇಲ್ಲದೆ ಆಗಲ್ಲ. ಅಂಗಡಿ ಮಂಕಿ ಕ್ಯಾಪಿಗೆ ಹಿಂದುಗಡೆ ನೆತ್ತಿಯಿಂದ ಕುತ್ತಿಗೆವರೆಗೆ ಒಂದು ದಪ್ಪ ಹೊಲಿಗೆ ಇರುತ್ತಲ್ಲ, ಅದು ಸರಿಯಾಗಿ ಗಾಯದ ಗೆರೆ ಮೇಲೇ ಕೂರ್ತಿತ್ತು. ನನಗೆ ಹೆಣಿಗೆ ಸ್ವಲ್ಪ ಬರುತ್ತೆ, ಏಳನೇ ಕ್ಲಾಸಿನ ರಜೆಯಲ್ಲಿ ಅಮ್ಮ ಕಲಿಸಿದ್ದು, ಎರಡು ಉದ್ದ ಕಡ್ಡಿಯಲ್ಲಿ ಮಫ್ಲರ್ ಮಾಡೋವಷ್ಟು. ಹಂಗಾಗಿ ನಾನೇ ಒಂದು ಟೊಪ್ಪಿ ಹೆಣೆದೆ, ಚಪ್ಪಟೆಯಾಗಿ ಹೆಣೆದು ಆಮೇಲೆ ಎರಡು ಅಂಚು ಸೇರಿಸಿ ಹೊಲಿದೆ, ಎಷ್ಟು ತೆಳ್ಳಗೆ ಆಗುತ್ತೋ ಅಷ್ಟು ತೆಳ್ಳಗೆ. ಅಪ್ಪ ಎರಡು ದಿನ ಹಾಕ್ಕೊಂಡ್ರು, ಚೆನ್ನಾಗಿದೆ ಮಗಾ ಅಂದ್ರು. ಮೂರನೇ ದಿನ ಕಾಫಿ ಕೊಡೋಕೆ ಕಣಕ್ಕೆ ಹೋದಾಗ ನೋಡ್ತೀನಿ, ಟೊಪ್ಪಿ ಒಳಗೆ ಟವೆಲ್ ಮಡಚಿ ಇಟ್ಕೊಂಡಿದಾರೆ, ಹೊಲಿಗೆ ಒತ್ತದೇ ಇರ್ಲಿ ಅಂತ. ನನ್ನ ಮನಸ್ಸಿಗೆ ಬೇಜಾರಾಗುತ್ತೆ ಅಂತ ಬಾಯಿ ಬಿಟ್ಟು ಹೇಳಿಲ್ಲ. ಅವತ್ತೇ ತೀರ್ಮಾನ ಮಾಡಿದೆ, ಹೊಲಿಗೆಯೇ ಇಲ್ಲದ ಟೊಪ್ಪಿ ಹೆಣೀಬೇಕು, ಅಂದ್ರೆ ಸುತ್ತಾಗಿ ಹೆಣೆಯೋದು ಕಲೀಬೇಕು.

ಚಪ್ಪಟೆ ಹೆಣಿಗೆಯಲ್ಲಿ ಹೋಗಿ ತಿರುಗಿ ಬರ್ತೀವಿ, ಹೋಗೋವಾಗ ಸೀದಾ ಸ್ಟಿಚ್, ಬರೋವಾಗ ಉಲ್ಟಾ ಸ್ಟಿಚ್, ಸ್ಟಿಚ್ ಅಂದ್ರೆ ಕಡ್ಡಿ ಮೇಲಿನ ದಾರದ ಕುಣಿಕೆ. ಸುತ್ತು ಹೆಣಿಗೆಯಲ್ಲಿ ತಿರುಗೋದೇ ಇಲ್ಲ, ಗಾಣದ ಎತ್ತಿನ ಹಂಗೆ ಹೋಗ್ತಾನೇ ಇರೋದು, ಬಟ್ಟೆಯ ಮುಖ ಯಾವಾಗ್ಲೂ ನಿಮ್ಮ ಕಡೆ ಇರುತ್ತೆ, ಹಂಗಾಗಿ ನುಣುಪಾದ ಮೈ ಬೇಕು ಅಂದ್ರೆ ಬರೀ ಸೀದಾ ಹಾಕ್ತಾ ಹೋದ್ರೆ ಸಾಕು, ಉಲ್ಟಾ ಬೇಕಿಲ್ಲ. ಇದನ್ನ ಓದಿದಾಗ ಅರ್ಧ ಕೆಲಸ ಉಳೀತು ಅಂತ ಖುಷಿಯಾಗಿತ್ತು. ಸಾಮಾನು ಎರಡು ಥರ. ಒಂದು ಸರ್ಕ್ಯುಲರ್ ಕಡ್ಡಿ, ಎರಡು ಗಿಡ್ಡ ಕಡ್ಡಿಗಳ ಮಧ್ಯೆ ಪ್ಲಾಸ್ಟಿಕ್ ವೈರ್ ಇರುತ್ತೆ. ಇನ್ನೊಂದು ಎರಡೂ ತುದಿ ಚೂಪಾಗಿರೋ ಸಣ್ಣ ಕಡ್ಡಿಗಳು, ನಾಲ್ಕು ಅಥವಾ ಐದರ ಸೆಟ್ಟು, ಮೂರರ ಮೇಲೋ ನಾಲ್ಕರ ಮೇಲೋ ಸ್ಟಿಚ್ ಹಂಚಿಟ್ಟು ಉಳಿದ ಒಂದರಲ್ಲಿ ಹೆಣೆಯೋದು.

ಚಿಕ್ಕಮಗಳೂರು ಪೇಟೆಯಲ್ಲಿ ಎಂಜಿ ರೋಡಿನ ಎರಡು ಮೂರು ಫ್ಯಾನ್ಸಿ ಸ್ಟೋರ್ ಕೇಳಿದೆ, ಉದ್ದ ಕಡ್ಡಿ ಇದ್ವು, ಸರ್ಕ್ಯುಲರ್ ಇರ್ಲಿಲ್ಲ. ಆನ್‌ಲೈನಲ್ಲಿ ತರಿಸಿದೆ. ವೈರ್ ಉದ್ದ ಇದ್ದಷ್ಟೂ ಒಳ್ಳೇದು, ದೊಡ್ಡದೂ ಮಾಡಬಹುದು ಸಣ್ಣದೂ ಮಾಡಬಹುದು ಅಂದ್ಕೊಂಡು 80 ಸೆಂಟಿಮೀಟರಿಂದು ತರಿಸಿದ್ದು ಮೊದಲ ತಪ್ಪು. 88 ಸ್ಟಿಚ್ ಹಾಕಿ ಎರಡು ತುದಿ ಸೇರಿಸೋಕೆ ಹೋದ್ರೆ ಎಷ್ಟು ಎಳೆದ್ರೂ ಸೇರ್ತಿಲ್ಲ, ಪ್ಯಾಟರ್ನ್ (ಹೆಣೆಯೋ ವಿವರದ ಚೀಟಿ) ಪ್ರಕಾರ ಟೊಪ್ಪಿಯ ಸುತ್ತಳತೆ 20 ಇಂಚು, ಕಡ್ಡಿ 32 ಇಂಚು, ಹೆಂಗೆ ಸೇರುತ್ತೆ. ಕಡ್ಡಿಯ ಒಟ್ಟು ಉದ್ದ ಹೆಣೆಯೋ ವಸ್ತುವಿನ ಸುತ್ತಳತೆಗಿಂತ ಕಡಿಮೆ ಇರಬೇಕು, ಟೊಪ್ಪಿಗೆ 40 ಸೆಂಟಿಮೀಟರ್, ಅಂದ್ರೆ 16 ಇಂಚಿಂದು ಬೇಕು. ಉದ್ದ ವೈರನ್ನ ಮಧ್ಯದಲ್ಲಿ ಲೂಪ್ ಥರ ಆಚೆ ಎಳೆದು ಸಣ್ಣ ಸುತ್ತು ಹೆಣೆಯೋ ವಿಧಾನವೂ ಇದೆ, ಮ್ಯಾಜಿಕ್ ಲೂಪ್ ಅಂತಾರೆ, ಆದ್ರೆ ಅದಕ್ಕೆ ವೈರ್ ಮೆತ್ತಗಿರಬೇಕು, ನನಗೆ ಬಂದಿದ್ದು ನೈಲಾನ್ ಹಗ್ಗದ ಹಂಗೆ ಬಿರುಸು. ಹೊಸ ಕಡ್ಡಿ ಬಂದಾಗ ಅದರ ವೈರೂ ಪ್ಯಾಕೆಟ್ಟಲ್ಲಿ ಸುತ್ತಿದ್ದ ಆಕಾರದಲ್ಲೇ ಸುರುಳಿಯಾಗಿತ್ತು. ಬಚ್ಚಲ ಹಂಡೆಯಿಂದ ಕುದಿಯೋ ನೀರು ಒಂದು ಪಾತ್ರೆಗೆ ತೋಡ್ಕೊಂಡು ವೈರ್ ಮಾತ್ರ ಒಂದು ನಿಮಿಷ ಅದ್ದಿ ಆಮೇಲೆ ನೇರ ಎಳೆದು ಹಿಡ್ಕೊಂಡೆ, ತಣ್ಣಗಾಗೋ ಹೊತ್ತಿಗೆ ನೆಟ್ಟಗಾಗಿತ್ತು. ಇದು ಎಲ್ಲರೂ ಮಾಡ್ಲೇಬೇಕು, ಸುರುಳಿ ವೈರ್ ಇಟ್ಕೊಂಡು ಹೆಣೆದ್ರೆ ಪ್ರತಿ ಸ್ಟಿಚ್ಚಿಗೂ ಅದರ ಜೊತೆ ಗುದ್ದಾಡ್ಬೇಕು.

ಎರಡನೇ ಪೆಟ್ಟು ನಂಬರಿಂದು. ನನ್ನ ಹತ್ರ ಇದ್ದ ಪ್ಯಾಟರ್ನ್ ಅಮೆರಿಕದ್ದು, 8 ನಂಬರ್ ಕಡ್ಡಿ, 88 ಸ್ಟಿಚ್ ಅಂತ ಇತ್ತು. ನಾನೂ 8 ನಂಬರ್ರೇ ತರಿಸಿದೆ. ನಮ್ಮಲ್ಲಿ ಸಿಗೋ ಕಡ್ಡಿಗಳ ನಂಬರು ಹಳೇ ಇಂಗ್ಲೆಂಡಿನ ಲೆಕ್ಕ, ಅದರಲ್ಲಿ 8 ಅಂದ್ರೆ 4 ಮಿಲಿಮೀಟರ್, ಅಮೆರಿಕದ 8 ಅಂದ್ರೆ 5 ಮಿಲಿಮೀಟರ್. ಅಷ್ಟೇ ಅಲ್ಲ, ನಮ್ಮ ಲೆಕ್ಕದಲ್ಲಿ ನಂಬರ್ ಹೆಚ್ಚಾದಂಗೆ ಕಡ್ಡಿ ಸಣ್ಣ ಆಗುತ್ತೆ, ಅವರಲ್ಲಿ ನಂಬರ್ ಹೆಚ್ಚಾದಂಗೆ ದಪ್ಪ ಆಗುತ್ತೆ. ಇದು ಗೊತ್ತಾಗೋ ಹೊತ್ತಿಗೆ ಅರ್ಧ ಟೊಪ್ಪಿ ಆಗಿತ್ತು. ಟೇಪ್ ಇಟ್ಟು ನೋಡಿದ್ರೆ ಇಂಚಿಗೆ ಐದೂವರೆ ಸ್ಟಿಚ್, 88 ಸ್ಟಿಚ್ಚಿಗೆ ಬರೋದು 16 ಇಂಚು, ಅಪ್ಪನ ತಲೆ 22 ಇಂಚು. ಅದನ್ನ ಕೊನೆಗೆ ಕೆಲಸಕ್ಕೆ ಬರೋ ಹುಡುಗಿಯ ಮಗುವಿಗೆ ಮುಗಿಸಿ ಕೊಟ್ಟೆ, ಸರಿಯಾಗಿ ಕೂತ್ಕೊಂಡ್ತು. ಆಮೇಲಿಂದ ನಾನು ನಂಬರ್ ನಂಬೋದೇ ಬಿಟ್ಟೆ, ಮಿಲಿಮೀಟರ್ ನೋಡ್ತೀನಿ, ಮೊದಲು ಒಂದು ಚೂರು ಹೆಣೆದು ಇಂಚಿಗೆ ಎಷ್ಟು ಬರುತ್ತೆ ಅಂತ ಎಣಿಸ್ತೀನಿ, ಅದೂ ಸುತ್ತಾಗಿಯೇ ಹೆಣೆದು. ನನ್ನ ಉಲ್ಟಾ ಸಾಲು ಸೀದಾ ಸಾಲಿಗಿಂತ ಸಡಿಲ, ಚಪ್ಪಟೆ ಹೆಣೆದ ಚೂರಿನ ಅಳತೆ ಸುತ್ತು ಹೆಣಿಗೆಗೆ ಹೊಂದಲ್ಲ. ಟೊಪ್ಪಿ ತಲೆಗಿಂತ ಸುಮಾರು 2 ಇಂಚು ಚಿಕ್ಕದಿದ್ರೆ ಹಿಡಿದು ಕೂರುತ್ತೆ. ಅಪ್ಪನಿಗೆ 20 ಇಂಚು ಬೇಕು, ಐದೂವರೆಯಿಂದ ಗುಣಿಸಿದ್ರೆ 110, ಬಾರ್ಡರಲ್ಲಿ ಎರಡು ಸೀದಾ ಎರಡು ಉಲ್ಟಾ, ಅದಕ್ಕೆ ನಾಲ್ಕರಿಂದ ಭಾಗ ಆಗ್ಬೇಕು, ನೆತ್ತಿಯಲ್ಲಿ ಎಂಟು ಭಾಗ, ಅದಕ್ಕೆ ಎಂಟರಿಂದ ಭಾಗ ಆಗ್ಬೇಕು, ಹಂಗಾಗಿ 112. ಈ ಸಂಖ್ಯೆ ನನಗೆ ಮರೆಯೋದೇ ಇಲ್ಲ, ಯಾಕಂದ್ರೆ ಅದನ್ನ ನಾನು ಒಂದೇ ಟೊಪ್ಪಿಗೆ ಐದು ಸಲ ಹಾಕಿದೀನಿ.

ಐದು ಸಲ ಯಾಕೆ ಅಂದ್ರೆ ತಿರುಚು. ಪ್ರತಿ ಪ್ಯಾಟರ್ನಲ್ಲೂ ಒಂದು ಸಾಲು ಇರುತ್ತೆ, ತುದಿ ಸೇರಿಸಿ, ತಿರುಚದಂಗೆ ನೋಡ್ಕೊಳ್ಳಿ ಅಂತ. ಓದೋಕೆ ಒಂದು ಸಾಲು ಅಷ್ಟೇ. ಸ್ಟಿಚ್ ಹಾಕಿದ ಮೇಲೆ ಕೆಳಗಿನ ಅಂಚು ಒಂದೇ ಕಡೆ ಇರಲ್ಲ, ಕಂಬಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಹಂಗೆ ಕಡ್ಡಿಯನ್ನೇ ಸುತ್ಕೊಂಡು ಹೋಗಿರುತ್ತೆ. ಅದನ್ನ ನೋಡದೆ ಎರಡು ತುದಿ ಸೇರಿಸಿ ಹೆಣೆದ್ರೆ ಇಡೀ ಬಟ್ಟೆಯಲ್ಲಿ ಒಂದು ಪೂರ್ತಿ ತಿರುವು ಉಳ್ಕೊಳ್ಳುತ್ತೆ. ಪೇಪರಿನ ಪಟ್ಟಿಯನ್ನ ಒಂದು ಸುತ್ತು ತಿರುಚಿ ಬಳೆ ಮಾಡಿ ಅಂಟಿಸಿ ನೋಡಿ, ಆಮೇಲೆ ಎಷ್ಟು ಕೊಡವಿದ್ರೂ ತಿರುವು ಹೋಗಲ್ಲ, ಕತ್ತರಿಸಲೇಬೇಕು. ಹೆಣಿಗೆಯಲ್ಲೂ ಹಂಗೇ. ಮೊದಲ ಒಂದು ಸುತ್ತು ಮುಗಿಯೋದರೊಳಗೆ ಗೊತ್ತಾದ್ರೆ ಆ ಸೇರುವಿಕೆಯ ಜಾಗದಲ್ಲಿ ಒಂದೇ ಎಳೆ ದಾರ ಇರುತ್ತೆ, ಅಲ್ಲಿಂದ ಬಟ್ಟೆಯನ್ನ ಕಡ್ಡಿ ಸುತ್ತ ತಿರುಗಿಸಿ ಸರಿ ಮಾಡಬಹುದು. ಅದು ದಾಟಿದ್ರೆ ಬಿಚ್ಚೋದೊಂದೇ ದಾರಿ. ನನಗೆ ಗೊತ್ತಾಗಿದ್ದು 2 ಇಂಚು ಬಾರ್ಡರ್ ಮುಗಿದ ಮೇಲೆ, ರಾತ್ರಿ ಹತ್ತೂವರೆಗೆ, ಅಮ್ಮನಿಗೆ ತೋರಿಸೋಣ ಅಂತ ಎತ್ತಿ ಹಿಡಿದ್ರೆ ಒಂದು ಕಡೆ ಬಾರ್ಡರ್ ತಲೆಕೆಳಗು. ಎದೆ ಧಸಕ್ ಅಂತು. ಅಮ್ಮ ಏನೂ ಹೇಳ್ಲಿಲ್ಲ, ದಾರದ ತುದಿ ಹಿಡಿದು ಉಂಡೆ ಸುತ್ತೋಕೆ ಕೂತ್ಕೊಂಡ್ರು, ನಾನು ಬಿಚ್ತಾ ಹೋದೆ.

ಎರಡನೇ ಸಲ ಹುಷಾರಾಗಿ ಮಾಡಿದೆ, ಮತ್ತೆ ತಿರುಚಿತ್ತು. ಮೂರನೇ ಸಲ ಮೊದಲ ಎರಡು ಸಾಲು ಚಪ್ಪಟೆಯಾಗೇ ಹೆಣೆದು ಆಮೇಲೆ ಸೇರಿಸಿದೆ, ಬಟ್ಟೆ ಒಂದು ಪಟ್ಟಿ ಆಗಿರುತ್ತಲ್ಲ, ತಿರುವು ಕಣ್ಣಿಗೆ ಕಾಣುತ್ತೆ, ಸುಲಭ. ಹೊಸಬರಿಗೆ ಇದೇ ಒಳ್ಳೇ ದಾರಿ. ಆದ್ರೆ ಆ ಎರಡು ಸಾಲಿನ ಜಾಗದಲ್ಲಿ ಸಣ್ಣ ಸೀಳು ಉಳಿಯುತ್ತೆ, ಕೊನೆಗೆ ದಾರದ ತುದಿಯಿಂದ ಅದನ್ನ ಹೊಲೀಬೇಕು. ಹೊಲಿಗೆ ಬೇಡ ಅಂತಾನೇ ತಾನೇ ಇಷ್ಟೆಲ್ಲ ಮಾಡ್ತಿರೋದು, ಕಾಲು ಇಂಚಿನ ಹೊಲಿಗೆಯೂ ನನಗೆ ಬೇಡವಾಗಿತ್ತು, ಬಿಚ್ಚಿದೆ. ನಾಲ್ಕನೇ ಸಲ ಸ್ಟಿಚ್ ಹಾಕಿ ಮೇಜಿನ ಮೇಲಿಟ್ಟು ಅಂಚನ್ನೆಲ್ಲ ಒಳಮುಖ ಮಾಡಿದ್ದೆ, ಅಷ್ಟರಲ್ಲಿ ಕರೆಂಟ್ ಹೋಯ್ತು, ಎದ್ದು ಬರೋವಾಗ ಎಲ್ಲ ಸರಿದು ಹೋಯ್ತು. ಐದನೇ ಸಲಕ್ಕೆ ಬಟ್ಟೆ ಒಣಗಿಸೋ ಕ್ಲಿಪ್ ತಂದು ಪ್ರತಿ 20 ಸ್ಟಿಚ್ಚಿಗೆ ಒಂದರಂತೆ ಅಂಚನ್ನ ಕೆಳಮುಖವಾಗಿ ಹಿಡಿದು ಕಚ್ಚಿಸಿದೆ. ಕ್ಲಿಪ್‌ಗಳೆಲ್ಲ ಸಾಲಾಗಿ ಕೆಳಗೆ ನೇತಾಡ್ತಿದ್ರೆ ತಿರುಚಿಲ್ಲ ಅಂತ ಅರ್ಥ, ಯಾವುದಾದ್ರೂ ಒಂದು ಮೇಲೆ ನೋಡ್ತಿದ್ರೆ ಅಲ್ಲಿ ತಿರುಚಿದೆ. ಸುತ್ತು ಎಲ್ಲಿ ಶುರುವಾಗುತ್ತೆ ಅಂತ ಗೊತ್ತಾಗೋಕೆ ಕೆಂಪು ದಾರದ ಒಂದು ಉಂಗುರ ಮಾಡಿ ಕಡ್ಡಿಗೆ ಹಾಕಿದೆ. ಸೇರಿಸೋ ಜಾಗದಲ್ಲಿ ಮೊದಲನೇ ಸ್ಟಿಚ್ಚನ್ನೂ ಕೊನೇ ಸ್ಟಿಚ್ಚನ್ನೂ ಅದಲು ಬದಲು ಮಾಡಿದ್ರೆ ಅಲ್ಲಿ ಸಂದಿ ಬೀಳಲ್ಲ. ಈ ಸಲ ನಿಂತ್ಕೊಂಡ್ತು.

ಬಾರ್ಡರ್ ಮುಗೀತು, ಸೀದಾ ಸುತ್ತುಗಳು ಶುರುವಾದ್ವು, ಆ ನಾಲ್ಕು ಇಂಚು ಹೆಂಗೆ ಹೋಯ್ತು ಅಂತಾನೇ ಗೊತ್ತಾಗ್ಲಿಲ್ಲ. ಆದ್ರೆ ನೆತ್ತಿಗೆ ಬಂದಾಗ ಸ್ಟಿಚ್ ಕಡಿಮೆ ಮಾಡ್ತಾ ಹೋಗ್ಬೇಕು, 80ಕ್ಕೆ ಇಳಿದಾಗ ಬಟ್ಟೆ ಹದಿನಾಲ್ಕೂವರೆ ಇಂಚು, ಕಡ್ಡಿ 16 ಇಂಚು, ಮತ್ತೆ ಸಾಲದಾಯ್ತು. ಅಲ್ಲಿಂದ ಮುಂದೆ ಎರಡು ತುದಿ ಚೂಪಿನ ಸಣ್ಣ ಕಡ್ಡಿಗಳೇ ಬೇಕು. ಅಮ್ಮ ಹೇಳಿದ್ರು, ನಿನ್ನ ದೊಡ್ಡಮ್ಮನ ಹತ್ರ ಇರ್ಬೇಕು ನೋಡು, ಅವ್ಳು ಕಾನ್ವೆಂಟ್ ಹಾಸ್ಟೆಲಲ್ಲಿ ಇದ್ದಾಗ ಕಾಲುಚೀಲ ಹೆಣೀತಿದ್ಲು ಅಂತ.

ಭಾನುವಾರ ಚಿಕ್ಕಮಗಳೂರಿಗೆ ಹೋಗಿ ಬಾಳೆಹೊನ್ನೂರು ಬಸ್ ಹತ್ತಿ ಆಲ್ದೂರಲ್ಲಿ ಇಳಿದೆ, ಚೀಲದಲ್ಲಿ ಅರ್ಧ ಟೊಪ್ಪಿ. ದೊಡ್ಡಮ್ಮನಿಗೆ ಈಗ 74. ಕನ್ನಡಕ ಹಾಕ್ಕೊಂಡು ಟೊಪ್ಪಿ ಕೈಗೆ ತಗೊಂಡು ಒಂದು ನಿಮಿಷ ನೋಡಿದ್ರು.

"ಎಂತ ಮಾರಾಯ್ತಿ, ಒಳಗಡೆ ಕೂತ್ಕೊಂಡು ಹೆಣೀತಿದ್ಯಾ?"

ನನಗೆ ಅರ್ಥ ಆಗ್ಲಿಲ್ಲ. ಅವರು ತೋರಿಸಿದ್ರು. ಹೆಣೆಯೋ ಎರಡು ತುದಿ ನನ್ನ ಹೊಟ್ಟೆ ಹತ್ರ ಇರಬೇಕು, ಬಟ್ಟೆ ಅಲ್ಲಿಂದ ಕೆಳಗೆ, ಆಚೆಗೆ ಹೋಗಿರಬೇಕು. ನಾನು ಆಚೆ ದಡದಲ್ಲಿ ಹೆಣೀತಿದ್ದೆ, ಹಂಗಾಗಿ ಚೆನ್ನಾಗಿರೋ ಮುಖ ಒಳಗಡೆ, ಉಬ್ಬು ಉಬ್ಬು ಇರೋ ಬೆನ್ನು ಹೊರಗಡೆ ಬರ್ತಿತ್ತು. ಬಿಚ್ಚಬೇಕಾ ಅಂತ ಗಾಬರಿಯಾದೆ. "ಬಿಚ್ಚೋದೆಂತಕ್ಕೆ, ಕೆಳಗಿಂದ ಕೈ ಹಾಕಿ ಅಂಗಿ ಮಗುಚಿದಂಗೆ ಮಗುಚು" ಅಂತ ಅವರೇ ಒಳಗಿಂದ ಹೊರಕ್ಕೆ ಎಳೆದ್ರು, ಒಂದೇ ಸಲಕ್ಕೆ ಟೊಪ್ಪಿ ಸರಿಯಾಯ್ತು, ಇಷ್ಟು ದಿನ ನನ್ನ ಮಣಿಕಟ್ಟು ಯಾಕೆ ನೋಯ್ತಿತ್ತು ಅನ್ನೋದೂ ಗೊತ್ತಾಯ್ತು. ಅವರು ಇನ್ನೊಂದು ಹೇಳಿದ್ರು, ಅದು ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದೆ. ಎಣಿಸ್ತಾ ಕೂರ್ಬೇಡ, ಬಟ್ಟೆ ನೋಡು ಅಂತ. ಸೀದಾ ಸ್ಟಿಚ್ ಇಂಗ್ಲಿಷ್ ವಿ ಅಕ್ಷರದ ಹಂಗೆ ಕಾಣುತ್ತೆ, ಉಲ್ಟಾ ಸ್ಟಿಚ್ ಕುತ್ತಿಗೆಗೆ ಸಣ್ಣ ಮಫ್ಲರ್ ಸುತ್ತಿದಂಗೆ ಕಾಣುತ್ತೆ, ಕಡ್ಡಿ ಮೇಲಿರೋ ಸ್ಟಿಚ್ಚಿನ ಕೆಳಗೆ ಏನಿದೆ ಅಂತ ನೋಡಿದ್ರೆ ಮುಂದೆ ಏನು ಹಾಕ್ಬೇಕು ಅಂತ ಅದೇ ಹೇಳುತ್ತೆ.

ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಅವರ ಕಡ್ಡಿಗಳಿದ್ವು, ಸ್ಟೀಲಿನ ನಾಲ್ಕು, 8 ನಂಬರ್. 80 ಸ್ಟಿಚ್ಚನ್ನ 30, 30, 20 ಅಂತ ಮೂರು ಕಡ್ಡಿಗೆ ಹಂಚಿದ್ರು, ನೆತ್ತಿಯ ಎಂಟು ಭಾಗ ಯಾವುದೂ ಎರಡು ಕಡ್ಡಿ ಮಧ್ಯೆ ತುಂಡಾಗದಂಗೆ. ನಾಲ್ಕನೇದು ನನ್ನ ಕೈಗೆ ಕೊಟ್ರು. ನೋಡೋಕೆ ಮುಳ್ಳುಹಂದಿ ಹಿಡ್ಕೊಂಡಂಗಿತ್ತು. ಆದ್ರೆ ಒಂದು ವಿಷಯ ತಲೆಗೆ ಹೋದ್ಮೇಲೆ ಹೆದರಿಕೆ ಹೋಯ್ತು, ಒಂದು ಹೊತ್ತಿಗೆ ಕೆಲಸ ಮಾಡೋದು ಎರಡೇ ಕಡ್ಡಿ, ಉಳಿದಿದ್ದು ಸುಮ್ನೆ ಸ್ಟಿಚ್ ಹಿಡ್ಕೊಂಡು ನೇತಾಡ್ತಿರೋದು, ಅವುಗಳ ಕಡೆ ನೋಡ್ಲೇಬಾರದು. ಒಂದು ಕಡ್ಡಿ ಖಾಲಿಯಾದ್ರೆ ಅದೇ ಮುಂದಿನ ಹೆಣೆಯೋ ಕಡ್ಡಿ. ಸ್ಟೀಲ್ ಜಾರುತ್ತೆ, ಅಕ್ರಿಲಿಕ್ ದಾರವೂ ಜಾರುತ್ತೆ, ಎರಡು ಸಲ ಹಿಂದಿನ ತುದಿಯಿಂದ ಐದಾರು ಸ್ಟಿಚ್ ಉದುರಿದ್ವು. ದೊಡ್ಡಮ್ಮ ಹಾಲಿನ ಪ್ಯಾಕೆಟ್ಟಿನ ರಬ್ಬರ್ ಬ್ಯಾಂಡ್ ತಂದು ಸುಮ್ನಿರೋ ಕಡ್ಡಿಗಳ ತುದಿಗೆ ಸುತ್ತಿದ್ರು. ಬಿದಿರಿನ ಕಡ್ಡಿಯಲ್ಲಿ ಈ ತೊಂದರೆ ಕಡಿಮೆ, ಸ್ಟಿಚ್ ಹಿಡ್ಕೊಳ್ಳುತ್ತೆ, ಆದ್ರೆ ಅದಕ್ಕೆ ನಮ್ಮ ಮಳೆಗಾಲದ ತೇವ ಹಿಡಿದ್ರೆ ಸ್ಟಿಚ್ ಮುಂದಕ್ಕೇ ಹೋಗಲ್ಲ.

ಕಡ್ಡಿ ಬದಲಾಗೋ ಮೂರು ಜಾಗದಲ್ಲಿ ಏಣಿ ಥರ ಸಂದಿ ಬೀಳೋಕೆ ಶುರುವಾಯ್ತು. ನಾನು ಮೊದಲನೇ ಸ್ಟಿಚ್ಚನ್ನ ಉಸಿರು ಕಟ್ಟಿ ಎಳೀತಿದ್ದೆ, ಏನೂ ಪ್ರಯೋಜನ ಇಲ್ಲ. "ಮೊದಲನೇದನ್ನ ಸಾಧಾರಣ ಹಾಕು, ಎರಡನೇದು ಹಾಕೋವಾಗ ದಾರ ಜಗ್ಗು" ಅಂದ್ರು. ಎರಡನೇ ಸ್ಟಿಚ್ ಹಾಕಿದಾಗ ಮೊದಲನೇದು ಕಡ್ಡಿ ಮೇಲೆ ಗಟ್ಟಿಯಾಗಿ ಕೂತಿರುತ್ತೆ, ಆಗ ಜಗ್ಗಿದ್ರೆ ಸಂದಿಯ ಸಡಿಲ ಎಲ್ಲ ಹೊರಗೆ ಬರುತ್ತೆ. ಮೂರು ಸುತ್ತಾದ ಮೇಲೆ ಏಣಿ ಮಾಯ.

ನಾನು ಹೆಣೀತಿರೋವಾಗ ದೊಡ್ಡಮ್ಮ ಹಾಸ್ಟೆಲಿನ ಕಥೆ ಹೇಳಿದ್ರು. ಅವರಿಗೆ ಕಲಿಸಿದ ಸಿಸ್ಟರ್ ಹೇಳ್ತಿದ್ರಂತೆ, ಯೇಸು ತೊಟ್ಟಿದ್ದ ಅಂಗಿಗೆ ಹೊಲಿಗೆಯೇ ಇರ್ಲಿಲ್ಲ, ಅದಕ್ಕೇ ಸೈನಿಕರು ಅದನ್ನ ಹರಿಯದೆ ಯಾರಿಗೆ ಸೇರಬೇಕು ಅಂತ ಚೀಟಿ ಹಾಕಿದ್ರು ಅಂತ. ಮನೆಗೆ ಬಂದು ಹುಡುಕಿ ನೋಡಿದೆ, ಯೋಹಾನನ ಸುವಾರ್ತೆಯಲ್ಲಿದೆ, ಅಲ್ಲಿ ಅದು ನೇಯ್ದ ಅಂಗಿ. ಆದ್ರೆ 1400ರ ಆಸುಪಾಸಿನ ಒಂದು ಜರ್ಮನ್ ಚಿತ್ರ ಸಿಕ್ತು, ಹ್ಯಾಂಬರ್ಗಿನ ಮ್ಯೂಸಿಯಮ್ಮಲ್ಲಿ ಇದೆ, ಅದರಲ್ಲಿ ಮೇರಿ ಕೂತ್ಕೊಂಡು ಒಂದು ಸಣ್ಣ ಅಂಗಿಯ ಕುತ್ತಿಗೆಯನ್ನ ಇದೇ ಥರ ಸುತ್ತ ಕಡ್ಡಿ ಇಟ್ಕೊಂಡು ಹೆಣೀತಿದಾಳೆ. ಅದಕ್ಕಿಂತ ಹಳೇದಾಗಿ ಈಜಿಪ್ಟಿನಲ್ಲಿ ನೀಲಿ ಬಿಳಿ ಹತ್ತಿ ದಾರದಲ್ಲಿ ಸುತ್ತಾಗಿ ಹೆಣೆದ ಕಾಲುಚೀಲಗಳು ಸಿಕ್ಕಿವೆ. ಆ ಚಿತ್ರವನ್ನ ಫೋನಲ್ಲಿ ದೊಡ್ಡಮ್ಮನಿಗೆ ಕಳಿಸಿದೆ. ದೊಡ್ಡದು ಮಾಡಿ ಕಡ್ಡಿ ಹಿಡಿದಿರೋ ಕೈಯನ್ನೇ ನೋಡಿದ್ರಂತೆ, ತುಂಬಾ ಹೊತ್ತು.

ಆ ಅಕ್ರಿಲಿಕ್ ಟೊಪ್ಪಿ ಅಭ್ಯಾಸಕ್ಕೆ ಅಂತ ಲೆಕ್ಕ. ಅಕ್ರಿಲಿಕ್ ಎಷ್ಟು ಸಲ ಬಿಚ್ಚಿದ್ರೂ ತಡ್ಕೊಳ್ಳುತ್ತೆ, ಕಲಿಯೋರಿಗೆ ಅದೇ ಸರಿ. ಅಪ್ಪನಿಗೆ ಅಂತ ಆಮೇಲೆ 100 ಗ್ರಾಂ ಮೆರಿನೊ ಉಲ್ಲನ್ ತರಿಸಿದೆ, ಬೂದು ಬಣ್ಣ. ನಮ್ಮ ಕರಿ ಕಂಬಳಿಯ ಉಣ್ಣೆ ಮಳೆಗೆ ಸರಿ, ಗಾಯದ ಚರ್ಮಕ್ಕೆ ಚುಚ್ಚುತ್ತೆ. ಮತ್ತೆ ಕ್ಲಿಪ್, ಮತ್ತೆ ಕೆಂಪು ದಾರದ ಉಂಗುರ, 112. 2 ಇಂಚು ಬಾರ್ಡರ್, ಎರಡು ಸೀದಾ ಎರಡು ಉಲ್ಟಾ, ಆಮೇಲೆ ಬುಡದಿಂದ 6 ಇಂಚು ಆಗೋವರೆಗೆ ಬರೀ ಸೀದಾ. ನೆತ್ತಿಗೆ 12 ಸ್ಟಿಚ್ ಹೆಣೆದು ಎರಡನ್ನ ಒಟ್ಟಿಗೆ ಹೆಣೆಯೋದು, ಹಿಂಗೆ ಎಂಟು ಸಲ ಮಾಡಿದ್ರೆ ಒಂದು ಸುತ್ತಿಗೆ 8 ಸ್ಟಿಚ್ ಕಡಿಮೆ, ಮುಂದಿನ ಸುತ್ತು ಸುಮ್ನೆ ಸೀದಾ, ಅದರ ಮುಂದಿನ ಸುತ್ತು 11 ಹೆಣೆದು ಎರಡು ಒಟ್ಟಿಗೆ. 48ಕ್ಕೆ ಇಳಿದ ಮೇಲೆ ಪ್ರತಿ ಸುತ್ತಲ್ಲೂ ಕಡಿಮೆ ಮಾಡಿದೆ, ಇಲ್ಲಾಂದ್ರೆ ನೆತ್ತಿ ಗೋಪುರ ಥರ ಚೂಪಾಗುತ್ತೆ. ಕೊನೆಗೆ 8 ಸ್ಟಿಚ್ ಉಳೀತವೆ. ದಾರ ಕತ್ತರಿಸಿ, ದಬ್ಬಣಕ್ಕೆ ಪೋಣಿಸಿ ಆ ಎಂಟರೊಳಗೆ ತೂರಿಸಿ ಎಳೆದ್ರೆ ನೆತ್ತಿಯ ತೂತು ಮೊಗ್ಗು ಮುಚ್ಚಿದಂಗೆ ಮುಚ್ಚಿಹೋಗುತ್ತೆ. ಇದನ್ನ ಮೂರು ಸಲ ನೋಡಿದೀನಿ, ಮೂರು ಸಲವೂ ಮೈ ಜುಮ್ ಅಂದಿದೆ. ಉಗುರು ಬೆಚ್ಚಗಿನ ನೀರಲ್ಲಿ ಅದ್ದಿ, ಹಿಂಡದೆ ಟವೆಲಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಒಂದು ಚೆಂಬಿನ ಮೇಲೆ ಕವುಚಿಟ್ಟು ಒಣಗಿಸಿದೆ.

ಅಪ್ಪನಿಗೆ ಕೊಟ್ಟಿದ್ದು ಜನವರಿ ಎರಡನೇ ವಾರ. ಅವರು ಹಾಕ್ಕೊಳ್ಳೋ ಮುಂಚೆ ಕೈ ಒಳಗೆ ಹಾಕಿ ಸುತ್ತ ಬೆರಳಾಡಿಸಿದ್ರು, ಹೊಲಿಗೆ ಹುಡುಕ್ತಿದ್ರು, ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. "ಎಲ್ಲಿಂದ ಶುರು ಮಾಡಿದ್ಯೇ ಇದನ್ನ?" ಅಂದ್ರು. ಮಾರನೇ ದಿನ ಬೆಳಗ್ಗೆ ಕಣಕ್ಕೆ ಕಾಫಿ ತಗೊಂಡು ಹೋದಾಗ ಟವೆಲ್ ಹೆಗಲ ಮೇಲಿತ್ತು.

ಈಗ ಕಾಲುಚೀಲಕ್ಕೆ ಬಂದಿದೀನಿ, ಗಂಬೂಟ್ಸ್ ಒಳಗೆ ಕಾಲು ಮರಗಟ್ಟುತ್ತೆ ಅಂತ ಅವರೇ ಬಾಯಿ ಬಿಟ್ಟು ಕೇಳಿದ್ರು, ಅಪ್ಪ ಹಂಗೆಲ್ಲ ಕೇಳೋರಲ್ಲ. ಕಾಲುಚೀಲಕ್ಕೆ 2 ಮಿಲಿಮೀಟರಿನ ಸಣ್ಣ ಕಡ್ಡಿ ಬೇಕು, ದೊಡ್ಡಮ್ಮ ಹಾಸ್ಟೆಲಲ್ಲಿ ಸೈಕಲ್ ಚಕ್ರದ ಕಡ್ಡಿಯಲ್ಲೇ ಹೆಣೀತಿದ್ರಂತೆ. ನಾನೂ ಸೈಕಲ್ ಶಾಪಿಗೆ ಹೋಗಿ ಕೇಳಿದೆ, ಅವರು ಐದು ಕಡ್ಡಿ 7 ಇಂಚಿಗೆ ಕತ್ತರಿಸಿ ಎರಡೂ ತುದಿ ಅರದಿಂದ ಉಜ್ಜಿ ಕೊಟ್ರು, ಮನೆಗೆ ತಂದು ದಾರ ಎಲ್ಲೂ ಸಿಕ್ಕಿಕೊಳ್ಳದೇ ಇರೋವರೆಗೆ ಸಣ್ಣ ಎಮರಿ ಪೇಪರಲ್ಲಿ ತಿಕ್ಕಿದೆ. 64 ಸ್ಟಿಚ್, ನಾಲ್ಕು ಕಡ್ಡಿಗೆ ಹದಿನಾರು ಹದಿನಾರು. ಹಿಮ್ಮಡಿಗೆ ಅರ್ಧ, ಅಂದ್ರೆ 32 ಸ್ಟಿಚ್ ಮಾತ್ರ ಚಪ್ಪಟೆಯಾಗಿ ಹೋಗಿ ಬಂದು ಹೆಣೆದು, ಆಮೇಲೆ ಬದಿಯ ಅಂಚಿನಿಂದ ಸ್ಟಿಚ್ ಎತ್ಕೊಂಡು ಮತ್ತೆ ಸುತ್ತಿಗೆ ಸೇರಿಸ್ಬೇಕು. ಮೊನ್ನೆ ರಾತ್ರಿ ಮೊದಲನೇ ಹಿಮ್ಮಡಿ ತಿರುಗ್ತು, ದಾರದ ಪಟ್ಟಿ ಕಣ್ಣೆದುರಿಗೇ ಬಟ್ಟಲಾಯ್ತು, ನಾನು ಅದನ್ನ ಮುಷ್ಟಿಗೆ ಹಾಕ್ಕೊಂಡು ಅಡಿಗೆಮನೆಗೆ ಓಡಿದೆ ಅಮ್ಮನಿಗೆ ತೋರಿಸೋಕೆ. ಪಾದದ ಭಾಗ ಇನ್ನೂ ಅರ್ಧ ಇದೆ, ಆಮೇಲೆ ಎರಡನೇ ಕಾಲು.